ನಾನಾ ಪೆಂಡಸೆಯವರ ಮೂವತ್ತನಾಲ್ಕು ನಿಯಮಗಳು

ಭಾನುವಾರ ಮಧ್ಯಾಹ್ನ ಒಂದು ಗಂಟೆ ನಾಲ್ಕು ನಿಮಿಷಕ್ಕೆ ನಾನಾ ಪೆಂಡಸೆಯವರು ತಮ್ಮ ವಸತಿ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಕಳಿಸಿದ ಸಂದೇಶವೇ ಎಲ್ಲಕ್ಕೂ ಮೂಲ. ‘ಒಂದರಿಂದ ನಾಲ್ಕರವರೆಗೆ ಈ ಗುಂಪಿನಲ್ಲಿ ಯಾರೂ ಸಂದೇಶ ಹಾಕಕೂಡದು. ಜನ ಮಲಗಿರುತ್ತಾರೆ. ತಿಳಿಯದವರು ತಿಳಿದುಕೊಳ್ಳಿ.’

ಇದು ಕೆಳಗಿನ ಮನೆಯ ಬಾಪಟರಿಗೆ ಹಾಕಿದ ಏಟು. ಬಾಪಟರು ಮೊಣಕಾಲು ನೋವಿನ ಕಷಾಯ ಮಾಡುವ ಬಗೆಯನ್ನು ಗುಂಪಿಗೆ ಹಾಕಿದಾಗ ಸಮಯ ಹನ್ನೆರಡು ಐವತ್ತೊಂಬತ್ತು. ನಿಯಮ ಮುರಿದಿರಲಿಲ್ಲ ನಿಜ, ಆದರೆ ಮುರಿಯುವ ಉತ್ಸಾಹ ಎದ್ದು ಕಾಣುತ್ತಿತ್ತು. ನಾನಾ ಕೊನೆಯ ತುತ್ತು ವರಣ-ಭಾತ್ ಮುಗಿಸಿ, ಕೈ ತೊಳೆದು, ಕನ್ನಡಕ ಹುಡುಕಿ, ಒಂದೊಂದು ಪದವನ್ನೂ ತೂಗಿ ನೋಡಿ ಬರೆಯುವಷ್ಟರಲ್ಲಿ ಒಂದೂ ನಾಲ್ಕಾಗಿತ್ತು.

ಪುಣೆಯ ಸದಾಶಿವ ಪೇಠೆಯಲ್ಲಿ ಸ್ವಾನಂದ ಸೊಸೈಟಿಯ ಗುಂಪೆಂದರೆ ಹೆಸರುವಾಸಿ. ಅದರಲ್ಲಿ ಶುಭೋದಯದ ಗುಲಾಬಿ ಅರಳುವುದಿಲ್ಲ. ಹುಟ್ಟುಹಬ್ಬದವರಿಗೆ ಎಂಬತ್ತಾರು ಜನ ಎಂಬತ್ತಾರು ಸಲ ಶುಭ ಕೋರುವುದಿಲ್ಲ. ಎಲ್ಲರ ಪರವಾಗಿ ನಾನಾ ಒಂದು ಸಲ ಕೋರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಆರು ವರ್ಷ ತಲೆ ಖರ್ಚು ಮಾಡಿ ಅವರು ರಚಿಸಿದ ಮೂವತ್ತನಾಲ್ಕು ನಿಯಮಗಳು ಸೊಸೈಟಿಯ ಬಾಗಿಲಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿದ್ದವು. ನಾನಾ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವನ್ನು ಓದುತ್ತಿದ್ದರು.

ಈ ಭಾನುವಾರವಂತೂ ಅವರ ಬಾಳಿನ ದೊಡ್ಡ ದಿನ. ಪೇಠೆಯ ವಾಚನಾಲಯ ‘ಅತ್ಯಂತ ಶಿಸ್ತಿನ ಗುಂಪು’ ಎಂಬ ಸ್ಪರ್ಧೆ ಇಟ್ಟಿತ್ತು. ಹನ್ನೆರಡು ಗುಂಪುಗಳು. ತೀರ್ಪುಗಾರರು ಗುರುತು ಹೇಳದೆ ಗುಂಪಿನೊಳಗೆ ಸೇರಿ ಒಂದು ವಾರ ಎಲ್ಲ ನೋಡುತ್ತಾರೆ. ಸಂಜೆ ಆರಕ್ಕೆ ಸಭೆ, ಗೆದ್ದ ಗುಂಪಿನ ಅಡ್ಮಿನ್‌ಗೆ ವೇದಿಕೆಯ ಮೇಲೆ ಶಾಲು, ತೆಂಗಿನಕಾಯಿ. ಎಂಬತ್ತಾರರಲ್ಲಿ ತೀರ್ಪುಗಾರರು ಯಾರಿರಬಹುದು ಎಂದು ನಾನಾ ಹುಡುಕಲೂ ಇಲ್ಲ, ಹುಡುಕುವುದು ಅಶಿಸ್ತು. ಭಾಷಣ ಮಾತ್ರ ಬರೆದಿಟ್ಟುಕೊಂಡಿದ್ದರು, ನಾಲ್ಕು ಪುಟ.

ಒಂದೂ ಹತ್ತಕ್ಕೆ ಬಾಗಿಲನ್ನು ಯಾರೋ ಉಗುರಿನಿಂದ ಕೆರೆದರು. ತೆಗೆದರೆ ಬಾಪಟರು, ಬರಿಗಾಲಲ್ಲಿ.

“ನಾನಾ, ಗುಂಪಲ್ಲಿ ಬರೆದ್ರೆ ನಂದೂ ತಪ್ಪಾಗುತ್ತೆ, ಗಂಟೆ ಒತ್ತಿದ್ರೆ ಜನ ಏಳ್ತಾರೆ. ಅದಕ್ಕೇ ಹೀಗೆ ಬಂದೆ,” ಎಂದು ಪಿಸುಗುಟ್ಟಿದರು. “ಒಂದನೇ ನಿಯಮ ಸ್ವಲ್ಪ ಹೇಳ್ತೀರಾ?”

“ಒಂದರಿಂದ ನಾಲ್ಕರವರೆಗೆ ಸಂದೇಶ ಹಾಕಿದವರು ಯಾರೇ ಆಗಿರಲಿ, ಆ ಕ್ಷಣವೇ ಹೊರಗೆ,” ಎಂದು ನಾನಾ ಅಷ್ಟೇ ಮೆಲ್ಲಗೆ, ಅಷ್ಟೇ ಹೆಮ್ಮೆಯಿಂದ ಹೇಳಿದರು.

“ನೀವು ಒಂದೂ ನಾಲ್ಕಕ್ಕೆ ಹಾಕಿದ್ದು ಸಂದೇಶ ಹೌದೋ ಅಲ್ವೋ?”

ನಾನಾ ಫೋನ್ ತೆಗೆದು ಸಂದೇಶದ ಸಮಯ ನೋಡಿದರು. ಬಾಪಟರ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಏಳೆಂಟು ಜನ ನಿದ್ದೆಗಣ್ಣಲ್ಲಿ ನಿಂತಿದ್ದರು. ಮೂರನೇ ಮಹಡಿಯ ವೈಶಂಪಾಯನರೂ ಇದ್ದರು. ಸ್ಕೂಟರ್ ನಿಲ್ಲಿಸುವ ಜಾಗದ ಜಗಳದಿಂದಾಗಿ ಮೂರು ವರ್ಷಗಳಿಂದ ಅವರು ನಾನಾರೊಡನೆ ಮಾತು ಬಿಟ್ಟಿದ್ದರು; ಈಗಲೂ ಮಾತಾಡಲಿಲ್ಲ, ಬರೀ ತಲೆಯಾಡಿಸಿದರು.

“ಅಹೋ, ಅದನ್ನ ಅಳಿಸಿ ಬಂದು ಮಲ್ಕೊಳ್ರೀ,” ಎಂದು ಒಳಗಿಂದ ಹೆಂಡತಿ ಕುಮುದಿನಿ ಹೇಳಿದರು.

“ಅಳಿಸೋದಾ! ತೀರ್ಪುಗಾರರು ನೋಡ್ತಿರ್ತಾರೆ, ಕುಮುದಿನಿ. ಪೆಂಡಸೆ ತನ್ನ ನಿಯಮ ತಾನೇ ಪಾಲಿಸಲಿಲ್ಲ ಅಂತ ಆಗ್ಬೇಕಾ?” ನಾನಾ ಮೆಟ್ಟಿಲ ಮೇಲಿದ್ದವರತ್ತ ತಿರುಗಿ ಬೆನ್ನು ನೆಟ್ಟಗೆ ಮಾಡಿಕೊಂಡರು. “ನೋಡ್ಕೊಳ್ಳಿ ಎಲ್ಲರೂ. ನನ್ನ ಕೈಯಾರೆ ನಾನೇ ಹೋಗ್ತಿದ್ದೀನಿ.”

ಹೆಬ್ಬೆರಳಿಂದ ಒತ್ತಿದರು. ಗುಂಪಿನಿಂದ ಹೊರಬಿದ್ದರು. ಶಬ್ದ ಮಾಡದೆ ಚಪ್ಪಾಳೆ ತಟ್ಟುವುದು ಹೇಗೆಂದು ತಿಳಿಯದೆ ಜನ ಕೈ ಜೋಡಿಸಿ ಇಳಿದುಹೋದರು. ನಾನಾರಿಗೆ ಎದೆ ತುಂಬಿ ಬಂತು.

ತುಂಬಿದ ಎದೆ ಇಳಿಯಲು ಐದು ನಿಮಿಷ ಸಾಕಾಯಿತು. ಗುಂಪಿಗೆ ಅವರೊಬ್ಬರೇ ಅಡ್ಮಿನ್. ಇಬ್ಬರಿದ್ದರೆ ಶಿಸ್ತು ಸಡಿಲವಾಗುತ್ತದೆಂದು ಎಂಟನೇ ನಿಯಮದಲ್ಲಿ ತಾವೇ ಬರೆದಿದ್ದರು. ಒಬ್ಬನೇ ಅಡ್ಮಿನ್ ಎದ್ದುಹೋದರೆ ಆ ಪಟ್ಟ ತಾನಾಗಿ ಇನ್ನೊಬ್ಬರ ತಲೆಗೇರುತ್ತದೆ. ಯಾರ ತಲೆಗೆ ಏರಿತೆಂದು ಕುಮುದಿನಿಯ ಫೋನಿನಲ್ಲಿ ನೋಡಿದರೆ, ನೆಲಮಹಡಿಯ ಗೋದೂತಾಯಿ ಆಗಾಶೆ! ಎಂಬತ್ತೊಂದು ವಯಸ್ಸು, ಮೂವತ್ತೈದು ವರ್ಷ ಗಣಿತದ ಮಾಸ್ತರಿಣಿ. ಪೇಠೆಯಲ್ಲಿ ಅರ್ಧ ಅಂಕಕ್ಕಾಗಿ ಅವರ ಮುಂದೆ ಅತ್ತವರು ಈಗ ಅಜ್ಜಂದಿರಾಗಿದ್ದರು.

“ಕೆಳಗೆ ಹೋಗಿ ಕೇಳಿ, ಸೇರಿಸ್ತಾರೆ,” ಎಂದರು ಕುಮುದಿನಿ.

“ಈಗಲೇ? ನಾಲ್ಕಾಗ್ಬೇಕು!”

ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ನಾನಾ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದರು. ನಾಲ್ಕು ಹೊಡೆಯುತ್ತಿದ್ದಂತೆ ಗೋದೂತಾಯಿಯ ಬಾಗಿಲ ಮುಂದಿದ್ದರು. ಅಲ್ಲೊಂದು ಹಲಗೆ: ‘ಗಂಟೆ ಒಮ್ಮೆ ಒತ್ತಿ. ಒಳಗಿರುವವರಿಗೆ ವಯಸ್ಸಾಗಿದೆ, ಕಿವಿ ಹೋಗಿಲ್ಲ.’ ಅದನ್ನು ಬರೆದುಕೊಟ್ಟವರೂ ನಾನಾ. ಒಮ್ಮೆ ಒತ್ತಿ ಹನ್ನೊಂದು ನಿಮಿಷ ಕಾದರು. ಕಾಯುತ್ತಾ ಹಲಗೆಯನ್ನು ಮತ್ತೆ ಓದಿದರು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ ಎನಿಸಿತು.

ಗೋದೂತಾಯಿ ಬಾಗಿಲು ತೆರೆದಾಗ ಕೈಯಲ್ಲಿ ನಿಯಮಗಳ ಪ್ರತಿ, ಕಿವಿಯ ಮೇಲೆ ಕೆಂಪು ಪೆನ್ಸಿಲ್.

“ಬಾ ನಾನಾ. ಅರ್ಜಿ ತಂದ್ಯಾ?”

“ಅರ್ಜಿ? ತಾಯಿ, ನಾನು ಪೆಂಡಸೆ...”

“ನೀನು ಪೆಂಡಸೆ ಅಂತ ನಂಗೆ ಕಾಣ್ಸುತ್ತಪ್ಪಾ. ಹತ್ತೊಂಬತ್ತನೇ ನಿಯಮಕ್ಕೆ ಕಾಣ್ಸುತ್ತಾ? ಪೂರ್ತಿ ಹೆಸರು, ಮನೆ, ಮಹಡಿ, ಐದು ವರ್ಷಕ್ಕಿಂತ ಹೆಚ್ಚು ಇಲ್ಲಿರೋ ಇಬ್ಬರು ನಿವಾಸಿಗಳ ಜಾಮೀನು. ಸಂಬಂಧಿಕರು ನಡೆಯಲ್ಲ. ಎಂಥಾ ಚೆಂದ ಬರ್ದಿದ್ದೀಯೋ, ಒಂದು ಸಂದೀನೂ ಬಿಟ್ಟಿಲ್ಲ ನೋಡು!”

ನಾನಾರಿಗೆ ಸಂಕಟವೂ ಆಯಿತು, ಸಂತೋಷವೂ ಆಯಿತು. ಆರು ವರ್ಷದಲ್ಲಿ ಅವರ ಬರವಣಿಗೆಯನ್ನು ಮೆಚ್ಚಿದವರು ಇವರೊಬ್ಬರೇ.

ಜಾಮೀನಿಗೆ ಮೊದಲು ಬಾಪಟರ ಮನೆ. ಬಾಪಟರು ಸೋಫಾದ ಮೇಲೆ ಕಾಲು ಚಾಚಿ ಕೂತು ಹೇಳಿದರು: “ಸಹಿ ಏನು, ಎರಡು ಹಾಕ್ತೀನಿ. ಇನ್ಮೇಲೆ ನನ್ನ ಕಷಾಯ ವಾರಕ್ಕೊಂದು ಸಲ ಗುಂಪಲ್ಲಿ ಬರ್ಬೇಕು, ಅಷ್ಟೇ.”

“ಹನ್ನೆರಡನೇ ನಿಯಮ. ಔಷಧಿ ಹೇಳೋಕೆ ವೈದ್ಯರಿಗೆ ಮಾತ್ರ ಅವಕಾಶ. ಆಗಲ್ಲ ಬಾಪಟ್.”

“ಶಾಲು ಹೋಗುತ್ತೆ, ನಾನಾ!”

“ಹೋಗ್ಲಿ.”

ಬಾಪಟರು ಅವರನ್ನೇ ನೋಡಿದರು. ಮನುಷ್ಯ ಹಟಮಾರಿಯಾದರೂ ಸಾಚಾ ಎಂದು ಅವರಿಗೂ ಅನ್ನಿಸಿರಬೇಕು. “ಹಾಗಾದ್ರೆ ಇಲ್ಲೇ ಒಂದು ಲೋಟ ಕುಡೀರಿ,” ಎಂದರು. ನಾನಾ ಕುಡಿದರು. ಅದರಲ್ಲಿ ಹಾಗಲಕಾಯಿಯೂ ಇತ್ತು, ಅದಕ್ಕಿಂತ ಕೆಟ್ಟದ್ದೂ ಇತ್ತು. ಸಹಿ ಸಿಕ್ಕಿತು.

ವೈಶಂಪಾಯನರ ಮನೆಯಲ್ಲಿ ಮಾತೇ ಆಗಲಿಲ್ಲ. ನಾನಾ ಮಾತಿಲ್ಲದೆ ಕಾಗದ ಚಾಚಿದರು, ಅವರು ಮಾತಿಲ್ಲದೆ ಓದಿ ಸಹಿ ಹಾಕಿ ಕೆಳಗೊಂದು ಸಾಲು ಸೇರಿಸಿದರು: ‘ಕಳೆದ ಮೂರು ವರ್ಷಗಳಲ್ಲಿ ಅರ್ಜಿದಾರರು ನನ್ನೊಡನೆ ಒಂದೂ ಕೆಟ್ಟ ಮಾತಾಡಿಲ್ಲ.’

ಐದೂ ಮುಕ್ಕಾಲಿಗೆ ಗೋದೂತಾಯಿ ಅರ್ಜಿಗೆ ಕೆಂಪು ಗುರುತು ಹಾಕಿ ನಾನಾರನ್ನು ಒಳಗೆ ಸೇರಿಸಿಕೊಂಡರು.

“ಇನ್ನು ಅಡ್ಮಿನ್ ಪಟ್ಟ ಕೊಟ್ಬಿಡಿ ತಾಯಿ. ಆರಕ್ಕೆ ಸಭೆ.”

“ಒಂಬತ್ತನೇ ನಿಯಮ ಓದು. ಅಡ್ಮಿನ್ ಆಗೋರು ಒಂದು ವರ್ಷ ಬಿಡದೆ ಸದಸ್ಯರಾಗಿರ್ಬೇಕು. ನೀನು ಸೇರಿ ಎಷ್ಟಾಯ್ತು?”

“ಎರಡು ನಿಮಿಷ,” ಎಂದರು ನಾನಾ. ಭಾಷಣದ ನಾಲ್ಕು ಪುಟ ಮಡಚಿ ಒಳಜೇಬಿಗೆ ಹಾಕಿಕೊಂಡರು. ಶಾಲು ಕೈತಪ್ಪಿತ್ತು, ದುಃಖವಾಯಿತು. ಆದರೂ ಶಾಲು ಬರುವುದು ತಮ್ಮ ನಿಯಮಗಳಿಗೇ ತಾನೆ, ಯಾರು ಹೊದ್ದರೇನು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಾ ಗೋದೂತಾಯಿಯ ಕೈಹಿಡಿದು ವಾಚನಾಲಯದ ಮೆಟ್ಟಿಲು ಹತ್ತಿಸಿದರು.

ಸಭಾಂಗಣ ತುಂಬಿತ್ತು. ಹನ್ನೆರಡು ಅಡ್ಮಿನ್‌ಗಳಿಗೆ ಮುಂದಿನ ಸಾಲು. ನಾನಾರಿಗೆ ಎರಡನೆಯದು, ಕುಮುದಿನಿ ಮತ್ತು ಬಾಪಟರ ನಡುವೆ. ತೀರ್ಪುಗಾರ್ತಿ ಮೇಧಾ ಕರಂದೀಕರ್, ನಿವೃತ್ತ ಪ್ರಾಂಶುಪಾಲೆ, ಎದ್ದು ನಿಂತರು.

“ಹನ್ನೊಂದು ಗುಂಪುಗಳನ್ನ ಒಂದು ವಾರ ಓದಿದೆ. ಮೈತ್ರಬನ ಸೊಸೈಟಿಯಲ್ಲಿ ದಿನಾ ಮುನ್ನೂರು ಗುಲಾಬಿ ಬರುತ್ವೆ, ಆದ್ರೆ ಜಗಳ ಇಲ್ಲ. ಬಹುಮಾನ ಅವರಿಗೆ.” ಚಪ್ಪಾಳೆ ನಿಂತ ಮೇಲೆ ಅವರು ಚೀಲದಿಂದ ಒಂದು ಚೀಟಿ ತೆಗೆದರು. “ಹನ್ನೆರಡನೇ ಗುಂಪು ಸ್ವಾನಂದ. ಅದರ ಬಗ್ಗೆ ನಾನೇನೂ ಹೇಳೋ ಹಾಗಿಲ್ಲ. ಸೋಮವಾರ ಸೇರೋಕೆ ಕೇಳಿದೆ. ‘ಅರ್ಜಿ ಅಪೂರ್ಣ, ಮಹಡಿ ನಮೂದಿಸಿಲ್ಲ’ ಅಂತ ಉತ್ತರ ಬಂತು. ಬುಧವಾರ ಕೇಳಿದೆ. ‘ಜಾಮೀನು ಎಲ್ಲಿ?’ ಗುರುವಾರ ಮತ್ತೆ ಕೇಳಿದೆ. ‘ವಾರದಲ್ಲಿ ಮೂರು ಸಲ ಪೀಡಿಸಿದ್ದಕ್ಕೆ ಆರು ತಿಂಗಳು ನಿಷೇಧ. ನೀರಿನ ಫಿಲ್ಟರ್ ಬೇರೆ ಕಡೆ ಮಾರಿಕೊಳ್ಳಿ.’ ನನ್ನನ್ನ ಫಿಲ್ಟರ್ ಮಾರೋಳು ಅಂದ್ಕೊಂಡ್ರು. ಅಡ್ಮಿನ್ ಯಾರು, ಸ್ವಲ್ಪ ಮುಖ ತೋರಿಸ್ತೀರಾ?”

ಸಭೆಗೆ ಸಭೆಯೇ ಗೋದೂತಾಯಿಯ ಕಡೆ ತಿರುಗಿತು. ಅಡ್ಮಿನ್ ಎಂದು ಎದೆಯ ಮೇಲೆ ಚೀಟಿ ಅಂಟಿಸಿಕೊಂಡು ಕೂತಿದ್ದವರು ಅವರು.

ಕುಮುದಿನಿ ಗಂಡನ ಅಂಗಿ ಹಿಡಿದು ಜಗ್ಗಿದರು. “ಸುಮ್ನಿರ್ರೀ! ನೀವೀಗ ಅಡ್ಮಿನ್ ಅಲ್ಲ. ಯಾರಿಗೂ ಗೊತ್ತಾಗಲ್ಲ.”

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಾವು ಬರೆದ ಉತ್ತರಕ್ಕೆ ಎಂಬತ್ತೊಂದರ ಮುದುಕಿ ತಲೆತಗ್ಗಿಸುವುದನ್ನು ನೋಡಿಕೊಂಡು ಕೂರುವ ಜೀವ ಅದಲ್ಲ. ಅಂಗಿ ಬಿಡಿಸಿಕೊಂಡು ನಾನಾ ಎದ್ದು ನಿಂತರು.

“ಬರ್ದೋನು ನಾನು. ಸದಾನಂದ ವಿನಾಯಕ ಪೆಂಡಸೆ, ಎರಡನೇ ಮಹಡಿ. ಗೋದೂತಾಯಿದು ಏನೂ ತಪ್ಪಿಲ್ಲ. ನನ್ನದೂ ಇಲ್ಲ! ಮಹಡಿ ಬರ್ದಿರ್ಲಿಲ್ಲ ತಾನೇ ನೀವು? ನಿಮ್ಮ ನಿಷೇಧ ಮುಗಿಯೋಕೆ ಇನ್ನೂ ಐದು ತಿಂಗಳು ಇಪ್ಪತ್ತೇಳು ದಿನ ಇದೆ. ಆಮೇಲೆ ಸರಿಯಾಗಿ ಅರ್ಜಿ ಹಾಕಿ, ಪರಿಶೀಲಿಸ್ತಾರೆ.”

ಕುಮುದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಗೋದೂತಾಯಿ ಮಾತ್ರ ತಲೆ ಬಗ್ಗಿಸಿ ಒಂದೇ ಬೆರಳಲ್ಲಿ ಫೋನ್ ಒತ್ತುತ್ತಿದ್ದರು.

ಬಾಪಟರು ತಮ್ಮ ಫೋನ್ ನೋಡಿ ನಾನಾರ ಕಿವಿಯ ಬಳಿ ಬಗ್ಗಿದರು. “ನಾನಾ, ನಿಮ್ಮನ್ನ ಗುಂಪಿಂದ ತೆಗೆದ್ರು.”

“ಯಾವ ನಿಯಮ?”

“ಇಪ್ಪತ್ತೆರಡಂತೆ. ಅಡ್ಮಿನ್‌ಗೆ ಕೇಳಿದ ಪ್ರಶ್ನೆಗೆ ಸದಸ್ಯರು ಉತ್ತರ ಕೊಡಕೂಡದು.”

ನಾನಾ ನಿಧಾನವಾಗಿ ಕೂತು ಅಂಗಿಯ ನೆರಿಗೆ ಸರಿಮಾಡಿಕೊಂಡರು.

“ಅದು ಬಹಳ ಒಳ್ಳೇ ನಿಯಮ, ಬಾಪಟ್,” ಎಂದರು.