ಕರಡಿಮರಿಯ ಅಂಗಿಗೆ ತೋಳು ಕೂರದ ಪ್ರಕರಣ

'ವೀಕ್ಷಕರ ಅಭಿಪ್ರಾಯವೇ ನಮ್ಮ ದಾರಿದೀಪ' ಎಂಬ ಸಾಲನ್ನು ವಾಹಿನಿಯು ತನ್ನ ಪ್ರತಿ ಕಾರ್ಯಕ್ರಮದ ಕೊನೆಯಲ್ಲಿ ನಾಲ್ಕು ಸೆಕೆಂಡುಗಳ ಕಾಲ ತೋರಿಸುತ್ತದೆ. ಕೆಳಗೆ ವಿಳಾಸವೂ ಇರುತ್ತದೆ. ಆ ವಿಳಾಸದಲ್ಲಿ ಹದಿನಾಲ್ಕು ಮಂದಿ ನೌಕರರುಳ್ಳ ಅಭಿಪ್ರಾಯ ಸ್ವೀಕಾರ ವಿಭಾಗವಿದ್ದು, ಅದು ಹನ್ನೊಂದು ವರ್ಷಗಳಿಂದ ಯಾವ ಅಡಚಣೆಯೂ ಇಲ್ಲದೆ ಕಾರ್ಯ ನಿರ್ವಹಿಸುತ್ತಿತ್ತು. ಹನ್ನೆರಡನೆಯ ವರ್ಷದಲ್ಲಿ ಒಂದು ಅಭಿಪ್ರಾಯ ಬಂತು.

ಬರೆದವಳು ಮೂಲೆಯಂಗಡಿಯ ಟೈಲರಮ್ಮ. ಒಂದು ಹಳೆಯ ಮೆಷಿನ್ನಿನಿಂದ ಶುರು ಮಾಡಿ, ಯಾರ ಮುಂದೆಯೂ ಕೈ ಚಾಚದೆ, ಮೂರು ಮೆಷಿನ್ನು ಇಟ್ಟವಳು. ಅಕ್ಷರ ಕಲಿತದ್ದು ಗುಂಡಿಗಳನ್ನು ಕಟ್ಟಿಕೊಟ್ಟ ಪತ್ರಿಕೆಯ ಚೂರುಗಳಿಂದ. ಹೀಗಾಗಿ ಅವಳಿಗೆ ನೂರಾರು ಕಥೆಗಳ ಆರಂಭ ಗೊತ್ತಿತ್ತು, ಒಂದರ ಕೊನೆಯೂ ಗೊತ್ತಿರಲಿಲ್ಲ. ಶುರುವಾದ ಕಥೆ ಮುಗಿಯದಿದ್ದರೆ ಮೈಯೆಲ್ಲ ಉರಿಯುವ ಸ್ವಭಾವ ಬಂದದ್ದು ಆಗಲೇ ಇರಬೇಕು. ಹೇಳಿದ ದಿನಕ್ಕೆ ಬಟ್ಟೆ ಕೊಡದೆ ಇದ್ದದ್ದು ಆ ಅಂಗಡಿಯ ಚರಿತ್ರೆಯಲ್ಲೇ ಇಲ್ಲ.

ಅಂಗಡಿಯ ಗೋಡೆಗೆ ಒಂದು ಟಿವಿ ಇತ್ತು. ಅದರಲ್ಲಿ ವಾರಕ್ಕೊಮ್ಮೆ 'ಮರಿಗೊಂದು ಅಂಗಿ' ಎಂಬ ಅನಿಮೇಷನ್ ಧಾರಾವಾಹಿ ಬರುತ್ತಿತ್ತು. ಒಬ್ಬ ದರ್ಜಿ ಅಜ್ಜಿ ಒಂದು ಕರಡಿಮರಿಗೆ ಅಂಗಿ ಹೊಲಿಯುವುದೇ ಅದರ ಕಥೆ. ಮರಿ ಒಂಬತ್ತನೆಯ ಕಂತಿನಿಂದ ಬಾಗಿಲಲ್ಲಿ ಬರಿಮೈಯಲ್ಲಿ ಕಾಯುತ್ತಿತ್ತು. ಈಗ ನೂರ ನಲವತ್ತನೆಯ ಕಂತು ಮುಗಿದು, ಒಂದು ತೋಳು ಕೂತಿತ್ತು.

"ಅತ್ತಿಗೆ, ಈಗ ಹೋದ ಗಿರಾಕಿ ಏನಂದ್ರು ಕೇಳಿಸ್ತಾ?" ಎಂದಳು ಗುಂಡಿಗೆ ಕಾಜಾ ಹೊಲಿಯುತ್ತಿದ್ದ ನಾದಿನಿ. "'ನನ್ನ ಕೋಟು ಕರಡಿ ಅಂಗಿ ಆಗದಿದ್ರೆ ಸಾಕಮ್ಮ' ಅಂದ್ರು. ಈ ವಾರದಲ್ಲಿ ಹಾಗಂದವರಲ್ಲಿ ಇವರು ನಾಲ್ಕನೆಯವರು."

ಟೈಲರಮ್ಮ ಕತ್ತರಿ ಕೆಳಗಿಟ್ಟಳು. "ಆ ಮುದುಕಿ ಮೈಗಳ್ಳತನಕ್ಕೆ ನನ್ನ ಹೆಸರು ಹಾಳಾಗ್ಬೇಕಾ? ಆ ಅಂಗಿ ಮುಗೀಲೇಬೇಕು."

"ಅವಳು ಚಿತ್ರ ಅತ್ತಿಗೆ."

"ಚಿತ್ರ ಆದ್ರೇನು, ದರ್ಜಿ ತಾನೆ?"

ಅಳತೆ ಬರೆದುಕೊಳ್ಳುವ ಚೀಟಿಯ ಹಿಂದೆ ಅವಳು ಬರೆದದ್ದು ಇಷ್ಟು: 'ಮಾನ್ಯರೆ, ನಿಮ್ಮ ಅಜ್ಜಿ ಸೂಜಿಗೆ ದಾರ ಪೋಣಿಸದೆ ಹೊಲಿಯುತ್ತಾಳೆ. ಅವಳ ಮುಂಗೈ ಆಡುತ್ತದೆ, ಭುಜ ಆಡುವುದಿಲ್ಲ. ಹಾಗೆ ಹೊಲಿಯುವವರು ಭೂಮಿಯ ಮೇಲಿಲ್ಲ. ಮರಿಗೆ ಬೇಸರ ಎಂದು ತಿಳಿಸಲು ಅರ್ಧ ಕಂತು ಪಿಟೀಲು ಕುಯ್ಯುತ್ತೀರಿ. ಅದರ ಕಿವಿ ಒಂದಿಷ್ಟು ಜೋತುಬಿದ್ದರೆ ನಮಗೆ ತಿಳಿಯುತ್ತದೆ. ಒಟ್ಟಿನಲ್ಲಿ ಕಥೆಗೆ ತಲೆಬುಡ ಇಲ್ಲ. ಮರಿಗೆ ಅಂಗಿ ತೊಡಿಸಿ ಮುಗಿಸಿ.'

ಪತ್ರ ತಲುಪಿದ ದಿನ ವಿಭಾಗದಲ್ಲಿ ಯಾರೂ ಊಟಕ್ಕೆ ಏಳಲಿಲ್ಲ. ಮುಖ್ಯಸ್ಥರು ಬೀರುವಿನಿಂದ 'ಅಭಿಪ್ರಾಯ ಕೈಪಿಡಿ'ಯನ್ನು ತೆಗೆಸಿ, ಧೂಳು ಕೊಡವಿಸಿ, ಏಳನೆಯ ನಿಯಮವನ್ನು ಗಟ್ಟಿಯಾಗಿ ಓದಿಸಿದರು: 'ಅಭಿಪ್ರಾಯವನ್ನು ಬಿಡಿಭಾಗಗಳಾಗಿ ವಿಂಗಡಿಸಿ, ಎಣಿಸಲು ಬರುವ ಭಾಗದ ಮೇಲೆ ಮಾತ್ರ ಕ್ರಮ ಕೈಗೊಳ್ಳತಕ್ಕದ್ದು.' ದಾರ, ಭುಜ, ಪಿಟೀಲು, ಕಿವಿ ಇವೆಲ್ಲ ಅಭಿರುಚಿಯ ವಿಷಯಗಳೆಂದು ಕೈಬಿಡಲಾಯಿತು. ಎಣಿಸಲು ಬರುವಂಥವು ಎರಡೇ ಉಳಿದವು. ಏಳು ಮಂದಿಯನ್ನು ತಲೆ ಉಪಸಮಿತಿಗೂ ಏಳು ಮಂದಿಯನ್ನು ಬುಡ ಉಪಸಮಿತಿಗೂ ನೇಮಿಸಲಾಯಿತು.

ಮೂರು ವಾರಗಳ ನಂತರ ಟೈಲರಮ್ಮನಿಗೆ ಕರೆ ಬಂತು. ನಾದಿನಿಯನ್ನೂ ಕರೆದುಕೊಂಡು ಹೋದಳು. ವೀಕ್ಷಕರೆಂಬುವರನ್ನು ಎಂದೂ ಕಾಣದ ನೌಕರರು ಎದ್ದು ನಿಂತರು. ಒಬ್ಬ ಗುಮಾಸ್ತೆ ಮೆಲ್ಲಗೆ ಅವಳ ಸೆರಗು ಮುಟ್ಟಿ ನೋಡಿದಳು.

"ಅಮ್ಮಾ, ನಿಮ್ಮ ಅಭಿಪ್ರಾಯ ಅರ್ಧ ಸತ್ಯ," ಎಂದರು ಮುಖ್ಯಸ್ಥರು. "ತಲೆ ಎಣಿಸಿದ್ದೇವೆ. ಅಜ್ಜಿಯದು ಒಂದು, ಮರಿಯದು ಒಂದು, ಮೇಕೆಯದು ಒಂದು, ಗುಬ್ಬಚ್ಚಿಗಳವು ಮೂರು. ಒಟ್ಟು ಆರು. ಆದ್ರೆ ಬುಡ ಇಲ್ಲ ಅನ್ನೋದು ನಿಜ. ನಮ್ಮ ಚಿತ್ರಗಾರರು ಸೊಂಟದಿಂದ ಕೆಳಗೆ ಏನನ್ನೂ ಬರೆದೇ ಇಲ್ಲ. ಮರಕ್ಕೂ ಬುಡ ಇಲ್ಲ."

"ಅಯ್ಯೋ ಸಾರ್, ತಲೆಬುಡ ಅಂದ್ರೆ ಅದಲ್ಲ. ಕಥೆ ಎಲ್ಲಿಂದ ಎಲ್ಲಿಗೂ ಹೋಗ್ತಿಲ್ಲ ಅಂತ."

"ಹಾಗಂತ ನೀವು ಬರೆದಿಲ್ಲವಲ್ಲ."

"ಕೊಡಿ ಇಲ್ಲಿ, ಈಗ್ಲೇ ಬರೀತೀನಿ."

"ಒಬ್ಬ ವೀಕ್ಷಕರಿಗೆ ಒಂದು ಸಲಕ್ಕೆ ಒಂದೇ ಅಭಿಪ್ರಾಯ ಅಮ್ಮಾ. ಮೊದಲನೇದು ಇತ್ಯರ್ಥ ಆಗ್ಲಿ," ಎಂದು ಮುಖ್ಯಸ್ಥರು ಸಮಾಧಾನ ಹೇಳಿದರು.

ಇತ್ಯರ್ಥವೂ ಆಯಿತು. ಮುಂದಿನ ಕಂತಿನಿಂದ ಮರದ ಬುಡ, ಮಡಕೆಯ ಬುಡ, ಅಜ್ಜಿಯ ಪಾದ, ಮರಿಯ ನಾಲ್ಕು ಉಗುರು ಎಲ್ಲವೂ ಕಾಣತೊಡಗಿದವು. ಪರದೆಯ ಎತ್ತರ ಇದ್ದಷ್ಟೇ ಇದ್ದುದರಿಂದ, ಬುಡ ಎಷ್ಟು ಒಳಗೆ ಬಂತೋ ತಲೆ ಅಷ್ಟೇ ಹೊರಗೆ ಹೋಯಿತು. ಇದರ ಬಗ್ಗೆ ವಾಹಿನಿಯು ಪ್ರಕಟಣೆ ಹೊರಡಿಸಿತು: 'ವೀಕ್ಷಕರ ಕೋರಿಕೆಯ ಮೇರೆಗೆ ಎಲ್ಲ ಪಾತ್ರಗಳಿಗೂ ಬುಡ ಒದಗಿಸಲಾಗಿದೆ. ತಲೆಗಳು ಸುರಕ್ಷಿತವಾಗಿದ್ದು, ಪರದೆಯ ಮೇಲ್ಗಡೆ ಇವೆ.' ತುಟಿ, ಕಣ್ಣು, ಕಿವಿ ಯಾವುದನ್ನೂ ಆಡಿಸುವ ಗೋಜಿಲ್ಲದ್ದರಿಂದ ಚಿತ್ರಗಾರರು ಸಂಜೆ ಬೇಗ ಮನೆಗೆ ಹೋಗತೊಡಗಿದರು.

"ಅತ್ತಿಗೆ, ಇದರಲ್ಲಿ ಅಜ್ಜಿ ಯಾರು, ಮೇಕೆ ಯಾರು?"

"ಕಾಲು ಎಣಿಸು."

ಟೈಲರಮ್ಮ ಮತ್ತೆ ವಿಭಾಗದ ಮೆಟ್ಟಿಲು ಹತ್ತಿದಳು. "ಸಾರ್, ತಲೆಯಾದ್ರೂ ಇರ್ಲಿ, ಬುಡವಾದ್ರೂ ಇರ್ಲಿ. ಮರಿಗೆ ಅಂಗಿ ತೊಡಿಸಿ."

"ತೊಡಿಸೋದು ಹೇಗಮ್ಮಾ?" ಮುಖ್ಯಸ್ಥರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಅಂಗಿ ತಲೆ ಮೇಲಿಂದ ಇಳಿಸ್ಬೇಕು. ತಲೆ ಈಗ ನಮ್ಮ ವ್ಯಾಪ್ತಿಯಲ್ಲಿಲ್ಲ."

"ಮುಂದೆ ಸೀಳಿ, ಗುಂಡಿ ಇಡಿ."

ಮುಖ್ಯಸ್ಥರು ತಮ್ಮ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡಿಕೊಂಡರು. ಆಮೇಲೆ ಚಿತ್ರಗಾರರನ್ನು ಕರೆಸಿದರು.

ಟೈಲರಮ್ಮ ಅವರ ಮೇಜಿನ ಮೇಲೇ ಹಳೆಯ ಪತ್ರಿಕೆ ಹಾಸಿ ಕತ್ತರಿಸಿ, ತೋಳು ಹೇಗೆ ಕೂರಿಸುತ್ತಾರೆಂದು ತೋರಿಸಿದಳು. "ನೋಡಿ ಮಕ್ಕಳಾ, ಸೂಜಿ ಎಳೆಯೋದು ಬೆರಳಲ್ಲ, ಭುಜ. ದಾರ ಉದ್ದ ಇದ್ದಾಗ ಕೈ ದೂರ ಹೋಗತ್ತೆ, ಕಮ್ಮಿಯಾಗ್ತಾ ಬಂದ ಹಾಗೆ ಹತ್ತಿರ ಬರತ್ತೆ. ಅಷ್ಟು ಮಾಡಿ, ಪಿಟೀಲೇ ಬೇಡ." ಅವಳ ಕೈ ಹೋದ ಕಡೆಗೆಲ್ಲ ಚಿತ್ರಗಾರರ ಪೆನ್ಸಿಲ್ ಹೋಯಿತು.

ಮುಂದಿನ ವಾರಗಳಲ್ಲಿ ತಲೆಯಿಲ್ಲದ ಅಜ್ಜಿ ನಿಜವಾದ ದರ್ಜಿಯಂತೆ ಹೊಲಿಯತೊಡಗಿದಳು. ದಾರ ಮುಗಿಯುತ್ತಿತ್ತು, ಗಂಟು ಬೀಳುತ್ತಿತ್ತು, ಭುಜ ಏರಿ ಇಳಿಯುತ್ತಿತ್ತು. ಎರಡನೆಯ ತೋಳು ಕೂತ ದಿನ ಬೀದಿಯಲ್ಲಿ ಮೂರು ಅಂಗಡಿಯವರು ವ್ಯಾಪಾರ ನಿಲ್ಲಿಸಿ ನೋಡಿದರು. ಕರಡಿ ಅಂಗಿಯ ಮಾತೆತ್ತಿ ನಗುವ ಗಿರಾಕಿಗಳು ಒಬ್ಬರೂ ಉಳಿಯಲಿಲ್ಲ.

ನೂರ ಅರವತ್ತನೆಯ ಕಂತಿನಲ್ಲಿ ಅಂಗಿ ತೊಡಿಸಲಾಯಿತು. ಪ್ರಸಾರಕ್ಕೆ ಮುನ್ನ ಟೈಲರಮ್ಮನನ್ನು ವಿಭಾಗಕ್ಕೆ ಕರೆಸಿ, ಕುರ್ಚಿ ಹಾಕಿ, ದೊಡ್ಡ ಪರದೆಯ ಮುಂದೆ ಕೂರಿಸಿದರು. ಮುಖ್ಯಸ್ಥರು ಒಂದು ಕಾಗದ ಮುಂದಿಟ್ಟರು. ಅದರಲ್ಲಿ 'ಅಂಗಿ ಸರಿಯಾಗಿದೆ' ಎಂದು ಅಚ್ಚಾಗಿತ್ತು.

"ವೀಕ್ಷಕರ ಸಹಿ ಒಂದು ಬಿದ್ರೆ ಅಭಿಪ್ರಾಯ ಪೂರ್ತಿ ಇತ್ಯರ್ಥ. ಧಾರಾವಾಹಿ ಇಲ್ಲಿಗೆ ಮುಕ್ತಾಯ. ನೀವು ಕೇಳಿದ್ದೂ ಇದೇ ತಾನೆ?"

"ಇದೇ," ಎಂದು ಟೈಲರಮ್ಮ ಪೆನ್ನು ತೆಗೆದುಕೊಂಡು ಪರದೆಯ ಕಡೆ ನೋಡಿದಳು. ನೋಡುತ್ತಲೇ ಇದ್ದಳು.

ನಾದಿನಿ ಪಕ್ಕದಿಂದ ತಿವಿದಳು. "ಹಾಕಿಬಿಡಿ ಅತ್ತಿಗೆ. ಪೀಡೆ ತೊಲಗ್ಲಿ."

"ತಡಿಯೇ." ಅವಳು ಎದ್ದು, ಕೊರಳಲ್ಲಿದ್ದ ಟೇಪು ತೆಗೆದು ಪರದೆಗೆ ಹಿಡಿದಳು. ಭುಜಕ್ಕೆ ಹಿಡಿದಳು, ಎದೆಗೆ ಹಿಡಿದಳು, ಬೆನ್ನು ತೋರಿಸಿ ಎಂದಳು. ಚಿತ್ರಗಾರರು ಮರಿಯನ್ನು ತಿರುಗಿಸಿದರು. "ಕಂಕುಳಲ್ಲಿ ಎಳೀತಿದೆ. ಹೊಟ್ಟೆ ಹತ್ರ ಎರಡು ಗುಂಡಿ ಸೇರ್ತಾನೇ ಇಲ್ಲ. ಮರಿ ಬೆಳೆದುಬಿಟ್ಟಿದೆಯಲ್ರೀ!"

"ಕಾಲು ಬರೆದ ಮೇಲೆ ಮೈ ಸಣ್ಣ ಅನ್ನಿಸ್ತಮ್ಮ," ಎಂದ ಚಿತ್ರಗಾರನೊಬ್ಬ ತಲೆ ಕೆರೆದುಕೊಳ್ಳುತ್ತ. "ಸ್ವಲ್ಪ ದಪ್ಪ ಮಾಡಿದ್ವಿ. ಅಂಗಿ ಹಳೇ ಅಳತೆದೇ."

"ಯಾರೂ ಗಮನಿಸಲ್ಲ ಬಿಡಿ," ಎಂದರು ಮುಖ್ಯಸ್ಥರು.

"ನಾನು ಗಮನಿಸಿದ್ನಲ್ಲ!" ಟೈಲರಮ್ಮನ ದನಿ ಏರಿತು. "ಗುಂಡಿ ಸೇರದ ಅಂಗಿಗೆ ಸರಿಯಾಗಿದೆ ಅಂತ ನನ್ನ ಹೆಸರು ಹಾಕ್ಲಾ? ಮೂವತ್ತು ವರ್ಷದಲ್ಲಿ ಇಂಥ ಮಾಲು ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ."

ಅವಳು ಅಚ್ಚಾದ ಸಾಲಿಗೆ ಅಡ್ಡಗೀಟು ಹೊಡೆದು ಕೆಳಗೆ ಬರೆದಳು: 'ಚಿಕ್ಕದು. ತೋಳು ಬಿಚ್ಚಿ ಮೊದಲಿಂದ ಹೊಲಿಯತಕ್ಕದ್ದು.' ದಪ್ಪ ಅಕ್ಷರದಲ್ಲಿ ಸಹಿ ಹಾಕಿದಳು.

ಮುಖ್ಯಸ್ಥರು ಕಾಗದವನ್ನು ಎರಡು ಸಲ ಓದಿ, ಎರಡೂ ಕೈಯಲ್ಲಿ ಹಿಡಿದು, ಮೃದುವಾಗಿ ಕೇಳಿದರು. "ಅಮ್ಮಾ, ಅದು ಹೊಲಿದು ಮುಗಿಯೋ ಹೊತ್ತಿಗೆ ಮರಿ ಮತ್ತೆ ಬೆಳೆದಿದ್ರೆ?"

"ಬೆಳೆಯೋ ಮೈ, ಬೆಳೆಯದೆ ಇರತ್ತಾ? ಮತ್ತೆ ಬಿಚ್ಚಬೇಕು."

ಅದನ್ನೂ ಬರೆಸಿಕೊಂಡರು. ವಾಹಿನಿಯು ಅದೇ ಸಂಜೆ 'ಮರಿಗೊಂದು ಅಂಗಿ'ಯನ್ನು ಇನ್ನೊಂದು ಸಾವಿರ ಕಂತುಗಳಿಗೆ ವಿಸ್ತರಿಸಿ, ಪರಿಣತ ವೀಕ್ಷಕಿಯ ಲಿಖಿತ ಆದೇಶವನ್ನು ಪ್ರಕಟಣೆಗೆ ಲಗತ್ತಿಸಿತು. ವಿಭಾಗದಲ್ಲಿ ಒಬ್ಬ ಹದಿನೈದನೆಯ ನೌಕರನನ್ನು ತೆಗೆದುಕೊಂಡರು.

ಈಗ ಬೀದಿಯಲ್ಲಿ ಯಾರಿಗೂ ಬೇಸರವಿಲ್ಲ. ಹೊಲಿಗೆ ಬಿಚ್ಚುವ ಕಂತುಗಳೇ ಹೊಲಿಯುವ ಕಂತುಗಳಿಗಿಂತ ಚೆನ್ನಾಗಿವೆ ಎಂದು ಕೆಲವರ ವಾದ. ಅಜ್ಜಿಗೆ ತಲೆಯಿತ್ತೆಂಬುದನ್ನು ಚಿಕ್ಕ ಮಕ್ಕಳು ನಂಬುವುದಿಲ್ಲ. ನಾದಿನಿ ಮಾತ್ರ ಒಂದು ದಿನ ಕೇಳಿದಳು, "ಅತ್ತಿಗೆ, ಹೀಗೇ ಆದ್ರೆ ಇದು ಮುಗಿಯೋದು ಯಾವಾಗ?"

"ಶ್, ಸುಮ್ನಿರು," ಎಂದಳು ಟೈಲರಮ್ಮ, ಪರದೆಯಿಂದ ಕಣ್ಣು ಕೀಳದೆ. "ಎಡಗಂಕುಳು ಬಿಚ್ತಿದ್ದಾಳೆ."