ಎರಡು ಕುರ್ಚಿಯ ಸಂಪಾದಕರು

ಸಾಕ್ಷಾತ್ ಬ್ರಹ್ಮದೇವರೇ ಲೇಖನ ಬರೆದು ಕಳಿಸಿದರೂ ನಮ್ಮ ಮಾವನವರು ಅದನ್ನು ಹಾಗೇ ಪ್ರಕಟಿಸುವವರಲ್ಲ! "ಸೃಷ್ಟಿ ಮಾಡಿದ್ದು ನಾನೇ ಅಂತೀರಲ್ಲ ಸ್ವಾಮಿ, ಕಣ್ಣಾರೆ ನೋಡಿದೋರು ಯಾರಾದ್ರೂ ಅವ್ರಾ?" ಎಂದು ಫೋನ್ ಮಾಡಿಯೇ ತೀರುತ್ತಾರೆ.

ಮಾವನವರು ಎಂದರೆ ನನ್ನ ಗಂಡನ ತಂದೆ. ಮಳವಳ್ಳಿ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು, ನಿವೃತ್ತರಾಗಿ, ಈಗ ಮದ್ದೂರಿನ ಮನೆಯಲ್ಲಿ ನಮ್ಮೊಂದಿಗಿದ್ದಾರೆ. ನಾನು ಮಂಡ್ಯದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಜೊತೆಗೆ ಕೆಲವು ಗೆಳೆಯರು ಸೇರಿ ಒಂದು ವೆಬ್‌ಸೈಟು ನಡೆಸುತ್ತೇವೆ. ಜಿಲ್ಲೆಯ ಯಾರು ಬೇಕಾದರೂ ತಮ್ಮ ಅಭಿಪ್ರಾಯ ಬರೆದು ಕಳಿಸಬಹುದು. ಓದಿ, ಹಾಕುವುದೋ ಬಿಡುವುದೋ ಎಂದು ತೀರ್ಮಾನಿಸುವ ಬಿಟ್ಟಿ ಸಂಪಾದಕರು ನಾವು. ಪರೀಕ್ಷೆಯ ದಿನಗಳಲ್ಲಿ ಒಮ್ಮೆ ಪುರುಸೊತ್ತಾಗದೆ, "ಮಾವ, ನೀವೂ ಒಂಚೂರು ನೋಡ್ತೀರಾ?" ಅಂದುಬಿಟ್ಟೆ. ಅನ್ನಬಾರದಿತ್ತು!

ನಾವೆಲ್ಲ ಲೇಖನವನ್ನು ಹೇಗೆ ನೋಡುತ್ತಿದ್ದೆವು? ಬಸ್ಸಿನಲ್ಲಿ ಕೂತು, ಹೆಬ್ಬೆರಳಲ್ಲಿ ಮೇಲೆ ಕೆಳಗೆ ಎಳೆದು, ನಮಗೆ ಹಿಡಿಸಿದರೆ ಹಾಕು, ಹಿಡಿಸದಿದ್ದರೆ ತೆಗೆ. ಮಾವನವರು ನಡುಮನೆಯಲ್ಲಿ ಎದುರುಬದುರು ಎರಡು ಕುರ್ಚಿ ಹಾಕಿಸಿಕೊಂಡರು. ಒಂದರಲ್ಲಿ ಕೂತು ಗಟ್ಟಿಯಾಗಿ ಓದುವಾಗ ಅವರು ಬರೆದವರ ಪರ ವಕೀಲರು. ಎದ್ದು ಎದುರಿನದಕ್ಕೆ ಹೋದರೆ ಅದೇ ಲೇಖನದ ವಿರೋಧಿ ವಕೀಲರು! ಬಾಗಿಲಿಗೆ ಬಂದ ಸೊಪ್ಪಿನವಳು ಒಂದು ದಿನ ಗಾಬರಿಯಿಂದ, "ಯಾರ್ ಕೂಡೆ ಜಗಳ ಕಣಮ್ಮ ನಿಮ್ ಮಾವುಂದು?" ಅಂತ ಕೇಳಿದಳು. ಏನು ಹೇಳಲಿ? "ಅವ್ರ್ ಕೂಡೇನೇ" ಅಂದೆ.

ಬಸರಾಳು ಕಡೆಯ ಒಬ್ಬರು ಬಸ್ಸಿನ ಅವ್ಯವಸ್ಥೆಯ ಬಗ್ಗೆ ಬರೆದಿದ್ದರು. 'ಸಂಜೆಯ ಬಸ್ಸು ಬೇಕೆಂದು ಇಡೀ ಜಿಲ್ಲೆಯೇ ಕೂಗುತ್ತಿದೆ' ಅಂತ ಶುರು. ಮಾವನವರು ಕೂಡಲೇ ಫೋನ್ ಮಾಡಿದರು.

"ಇಡೀ ಜಿಲ್ಲೆ ಅಂದ್ರೆ ಯಾರ್ಯಾರಪ್ಪಾ?"

"ಎಲ್ರೂವೆ ಸಾರ್."

"ಒಂದೆರಡ್ ಹೆಸ್ರು ಹೇಳು."

"ನಾನು ಸಾರ್... ಆಮೇಲೆ ನಮ್ ಭಾಮೈದ."

ಲೇಖನ ಪ್ರಕಟವಾದಾಗ ಅದರ ಮೊದಲ ಸಾಲು ಹೀಗಿತ್ತು: 'ಸಂಜೆಯ ಬಸ್ಸು ಬೇಕೆಂದು ನಾನೂ ನನ್ನ ಭಾವಮೈದನೂ ಕೂಗುತ್ತಿದ್ದೇವೆ.' ಓದಿದವರು ನಕ್ಕರು, ನಕ್ಕವರು ಕೆಳಗೆ 'ನಾನೂ ಕೂಗುತ್ತೇನೆ' ಅಂತ ಬರೆಯುತ್ತಾ ಹೋದರು. ಈಗ ನಿಜವಾಗಿಯೂ ಒಂದು ಜಿಲ್ಲೆಗಾಗುವಷ್ಟು ಕೂಗು!

ಇಂಥವರು ತಾವೇ ಒಂದು ಲೇಖನ ಬರೆದರೆ? ಬರೆದರು. ವಿಷಯ ನಮ್ಮ ಮದ್ದೂರು ತಾಲ್ಲೂಕಿನದೇ ಕೊಕ್ಕರೆ ಬೆಳ್ಳೂರು. ಹಕ್ಕಿಗಳು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳಂತೆ ಆ ಊರಿಗೆ ಬರುತ್ತವೆ, ಆ ಊರಿನವರು ಪುಣ್ಯವಂತರು, ಅವು ಕೂರುವ ಕೊಂಬೆ ಕಡಿಯುವವರು ಮಾತ್ರ ಮಹಾಪಾಪಿಗಳು ಅಂತ. ನಾವೆಲ್ಲ ಆಹಾ ಓಹೋ ಎಂದು ಹಾಕಿದೆವು.

ವಾರ ಕಳೆಯುವುದರೊಳಗೆ ಅದೇ ಊರಿನ ಒಬ್ಬಳು ಸೊಸೆ ಉತ್ತರ ಕಳಿಸಿದಳು. ಮೊದಲ ಸಾಲೇ, 'ಮದ್ದೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಪಾಪ-ಪುಣ್ಯ ಹಂಚುವ ಮುದಿಗೂಬೆಗೆ' ಅಂತ! ಮುಂದೆಯೂ ಬರೀ ಬೈಗುಳ. ನಮ್ಮ ಸಂಪಾದಕರ ಗುಂಪಿನಲ್ಲಿ ಎಲ್ಲರೂ 'ತೆಗೀರಿ, ತೆಗೀರಿ' ಅಂದರು. ನಾನೂ ತೆಗೆಯುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ.

"ತಡಿಯಮ್ಮ," ಅಂದರು ಮಾವ. "ಬೈಗುಳ ಕಿತ್ತಾಕಿ ನೋಡು. ಒಳಗೆ ಏನಾರ ಉಳುದ್ರೆ ಅದು ಲೇಖನ."

"ನಿಮ್ಮನ್ನ ಗೂಬೆ ಅಂದಿದ್ದಾಳೆ ಮಾವ!"

"ಗೂಬೆನೂ ಪಕ್ಷಿನೇ. ವಿಷಯಕ್ಕೆ ಹೊಂದ್ತದೆ ಬುಡು."

ಮೊದಲನೆಯ ಕುರ್ಚಿಯಲ್ಲಿ ಕೂತು ಅವಳ ಪರವಾಗಿ ಜೋರಾಗಿಯೇ ವಾದಿಸಿದರು. ಎದುರಿನ ಕುರ್ಚಿಗೆ ಹೋದವರು ಕೂರದೆ ನಿಂತೇ ಬಿಟ್ಟರು. "ಇಲ್ಲಿ ಪ್ರತಿವಾದಿ ನಾನೇ ಆಗ್ಬುಟ್ನಲ್ಲ! ನನ್ ಕೇಸಿಗೆ ನಾನು ತೀರ್ಪು ಕೊಡಂಗಿಲ್ಲ. ತೀರ್ಪು ನಿಂದು. ನಾನು ಅವ್ಳ ಮಾತು ಪೂರ್ತಿ ಕೇಳ್ಕೊಂಡು ನಿಂಗೆ ಹೇಳ್ತೀನಿ, ಅಷ್ಟೆ." ಅಂದವರೇ ಫೋನ್ ಹಚ್ಚಿದರು.

"ಯಾರು ಮಾತಾಡೋದು?"

"ನಾನು ಕಣವ್ವ, ಮುದಿಗೂಬೆ."

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದಾಯಿತು. "ಅಯ್ಯಯ್ಯೋ, ಸಾರ್..."

"ಸಾರು ಗೀರು ಬುಡು. ಚೆನ್ನಾಗೇ ಬೈದಿದ್ದೀಯ. ಆದ್ರೆ ನಂದು ತಪ್ಪು ಅಂತ ಎಲ್ಲೂ ತೋರ್ಸಿಲ್ವಲ್ಲ! ಸೋಲ್ಸದಾದ್ರೆ ನೆಟ್ಟಗೆ ಸೋಲ್ಸವ್ವ."

ಅವಳಿಗೆ ಧೈರ್ಯ ಬಂತು. "ನಮ್ ಹಿತ್ಲ ಹುಣ್ಸೆಮರ ಯಾವತ್ತಾದ್ರೂ ನೋಡಿದ್ದೀರಾ? ತುಂಬ ಗೂಡು. ದಿನಾ ಅಂಗಳ ತೊಳೀಬೇಕು, ಒಗದ್ ಬಟ್ಟೆ ತಿರ್ಗಾ ಒಗೀಬೇಕು, ಹುಣ್ಸೆಹಣ್ಣು ಕೈಗತ್ತಲ್ಲ. ಮರಿ ಕೆಳಕ್ ಬಿದ್ರೆ ಎತ್ಕೊಂಡು ಮೀನು ತಿನ್ಸೋರು ನಾವು. ಅದ್ರಲ್ಲೊಂದು ಒಣಕೊಂಬೆ ಮನೆ ಮೇಲೆ ಬಾಗಿತ್ತು, ಹಕ್ಕಿ ಬರೋಕ್ ಮುಂಚೆನೇ ಕಡುದ್ವಿ. ಅದುಕ್ಕೆ ಪಾಪಿಗಳು ಅಂತ ಬರೀತೀರ! ಬಾಣಂತನ ಮಾಡೋರು ನಾವು, ಪುಣ್ಯ ಹಂಚೋರು ನೀವಾ?"

"ಅದೇ! ಅದೇ!" ಮಾವ ಕುಣಿದೇಬಿಟ್ಟರು. "ಈ ಕೊನೇ ಮಾತ್ನ ಮೊದುಲ್ನೇ ಸಾಲಿಗೆ ತಕೊ! ಆಮೇಲೆ ನನ್ ಲೇಖನದಲ್ಲಿ ಇನ್ನೊಂದು ವಾದ ಗಟ್ಟಿಯಾಗೇ ಅದೆ, ಅದುನ್ನೂ ಮುರೀಬೇಕು. ಹೆಂಗೆ ಅಂತ ಹೇಳ್ತೀನಿ, ಬರ್ಕೊ."

ತನ್ನನ್ನು ಸೋಲಿಸುವ ವಿದ್ಯೆಯನ್ನು ತಾನೇ ಕೂತು ಹೇಳಿಕೊಡುವ ಪ್ರತಿವಾದಿಯನ್ನು ಯಾವ ಕೋರ್ಟಾದರೂ ಕಂಡಿದೆಯೇ? ಅವಳು ಹೊಸದಾಗಿ ಬರೆದು ಕಳಿಸಿದಳು. ಒಂದು ಬೈಗುಳವಿಲ್ಲ, ಆದರೆ ಓದಿದರೆ ಮೈ ಉರಿಯುತ್ತದೆ. ನಾನು ಎರಡು ಕುರ್ಚಿಯಲ್ಲೂ ಕೂತು ಓದಿದೆ. ಎದುರಿನ ಕುರ್ಚಿಯಲ್ಲಿ ನನಗೆ ಹೇಳಲು ಏನೂ ಉಳಿಯಲಿಲ್ಲ. ಹಾಕಿದೆ.

ಜಿಲ್ಲೆಯ ಫೋನುಗಳಲ್ಲೆಲ್ಲ ಅದೇ ಲೇಖನ! ನಮ್ಮ ಸೈಟಿನಲ್ಲಿ ಅಷ್ಟು ಜನ ಯಾವುದನ್ನೂ ಓದಿರಲಿಲ್ಲ. ಮದ್ದೂರಿನ ಟೀ ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದುತ್ತಿದ್ದರೆ ಮಾವ ಎದೆಯುಬ್ಬಿಸಿ, "ಸೋತೋನು ನಾನೇ ಕಣ್ರಲಾ!" ಅಂದರಂತೆ.

"ಸೋತಿದ್ದುಕ್ಕೆ ಇಷ್ಟೊಂದು ಮೆರೀತಿದ್ದೀಯಲ್ಲ!" ಅಂದರಂತೆ ಗೆಳೆಯರೊಬ್ಬರು.

"ಸುಮ್ನೆ ಸೋತ್ನೇನ್ಲಾ? ಎಂಥೋಳ ಕೈಲಿ ಸೋತೆ ನೋಡು!"

ಈಗ ನಮ್ಮ ಸಂಪಾದಕರೆಲ್ಲರೂ ಮಾವನವರ ದಾರಿಗೇ ಬಂದಿದ್ದೇವೆ. ಬರೆದವರ ಜೊತೆ ಮಾತಾಡದೆ ಯಾವ ಲೇಖನವನ್ನೂ ತೆಗೆಯುವುದಿಲ್ಲ, ತೆಗೆದರೆ ಕಾರಣ ಹೇಳದೆ ಬಿಡುವುದಿಲ್ಲ. ಬೆಳ್ಳೂರಿನ ಆ ಸೊಸೆಯೂ ಈಗ ನಮ್ಮ ಜೊತೆ ಸಂಪಾದಕಿ. ಅವಳು ಮೊದಲು ವಾಪಸ್ ಕಳಿಸಿದ್ದು ಯಾರ ಲೇಖನ ಅಂದುಕೊಂಡಿರಿ? ಮಾವನವರದೇ! ಅವತ್ತು ಅವರು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಆ ಖುಷಿಯಲ್ಲೇ ಮನೆಗೆ ಬಂದವರು, ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಅತ್ತೆಯ ಮುಂದೆ ಕೂತರು. "ಊರೋರ್ನೆಲ್ಲ ಕೇಳಾಯ್ತು. ನಿಂಗೇನಾರ ಹೇಳದದಾ?"

ಅತ್ತೆ ನನ್ನ ಕಡೆ ನೋಡಿ ನಕ್ಕರು. ನಗು ನಿಂತ ಮೇಲೆ, ಮತ್ತೆ ಕಾಯಿಯತ್ತ ನೋಡುತ್ತ ಅಂದರು: "ನೀವೂ ಬರದ್ರಿ, ಆ ಮಗೀನೂ ಬರೀತು. ಮದುವೆಯಾಗಿ ಬಂದಾಗ್ಲಿಂದ ಇದೇ ಮದ್ದೂರಲ್ಲಿವ್ನಿ. ಆ ಹಕ್ಕಿಗಳ್ನ ನಾನಿನ್ನೂ ನೋಡಿಲ್ಲ."

ಮಾವ ಕಾಯಿಯ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು ಸುಲಿಯತೊಡಗಿದರು.

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಬೆಳ್ಳೂರಿಗೆ ಹೋದೆವು. ಹುಣಸೆಮರದ ತುಂಬ ಹಕ್ಕಿಗಳ ಗದ್ದಲ, ಕೆಳಗೆಲ್ಲ ಸುಣ್ಣ ಎರಚಿದಂತೆ ಹಿಕ್ಕೆ. ಅತ್ತೆ ಕತ್ತೆತ್ತಿ ಒಂದೊಂದೇ ಗೂಡು ತೋರಿಸುತ್ತ ಮಾತಾಡುತ್ತಲೇ ಇದ್ದರು. ಅಷ್ಟು ಮಾತು ಅವರಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮಾವ ಕೊಡೆಯನ್ನು ಪೂರ್ತಿ ಅವರ ತಲೆಯ ಮೇಲೆಯೇ ಹಿಡಿದು, ತಮ್ಮ ಭುಜಕ್ಕೆ ಬಿದ್ದದ್ದನ್ನು ಒರೆಸಿಕೊಳ್ಳದೆ, ಒಂದು ಪ್ರಶ್ನೆಯನ್ನೂ ಹಾಕದೆ ಕೇಳುತ್ತ ನಿಂತಿದ್ದರು.