ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಹೆಣ್ಣು ನೋಡುವ ಶಾಸ್ತ್ರ

ನಮ್ಮ ಮಧುಗಿರಿ, ಕೊರಟಗೆರೆ ಕಡೆಯವರೆಲ್ಲ ಬಸ್ಸಿನ ಜನ. ರೈಲು ಬರುತ್ತದೆ, ಬರುತ್ತದೆ ಎಂದು ಕೇಳಿಸಿಕೊಳ್ಳುತ್ತಲೇ ನನ್ನ ಕೂದಲು ನರೆತಿದೆ. ಹೀಗಾಗಿ ಯಾವಾಗಲಾದರೊಮ್ಮೆ ರೈಲು ಹತ್ತುವ ನಾನು ನಮ್ಮ ಬಳಗದಲ್ಲಿ ರೈಲ್ವೆ ಪಂಡಿತೆ. ಯಾರಾದರೂ ದೂರದೂರಿಗೆ ಹೊರಟರೆ ಮೊದಲು ನನಗೆ ಫೋನು. ನಾನೂ ಹಿಂದುಮುಂದು ನೋಡದೆ, "ನಿಮ್ಮ ಬೋಗಿ ಹಿಂದುಗಡೆ ಬರುತ್ತೆ, ನಲ್ಲಿ ಹತ್ತಿರ ನಿಂತ್ಕೊಳ್ಳಿ" ಎಂದುಬಿಡುತ್ತೇನೆ. ಬೋಗಿ ಮುಂದುಗಡೆ ಬಂದರೆ ಅವರು ಸಾಮಾನು ಹೊತ್ತುಕೊಂಡು ಓಡುತ್ತಾರೆ. ಓಡಿ ಹತ್ತಿದ ಮೇಲೆ ನನಗೆ ಫೋನು ಮಾಡಿ ಬೈಯುವಷ್ಟು ಉಸಿರು ಅವರಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ನನ್ನ ಪಾಂಡಿತ್ಯಕ್ಕೆ ಈವರೆಗೆ ಕುಂದು ಬಂದಿಲ್ಲ.

ಬಸ್ಸಿನ ಜನ ನಂಬರನ್ನು ನಂಬುವುದಿಲ್ಲ. ನಾನು ಕಂಡ ಬಸ್‌ಸ್ಟ್ಯಾಂಡುಗಳಲ್ಲೆಲ್ಲ ಅಂಕಣಕ್ಕೊಂದು ನಂಬರು, ಊರಿನ ಬೋರ್ಡು ಇದ್ದೇ ಇರುತ್ತವೆ. ಪಾವಗಡ ಎಂದು ಬರೆದ ಬೋರ್ಡಿನ ಕೆಳಗೆ ಕಡಲೆಕಾಯಿ ಗಾಡಿ ನಿಂತಿರುತ್ತದೆ. ಪಾವಗಡದ ಬಸ್ಸು ಡ್ರೈವರಿಗೆ ನೆರಳು ಸಿಕ್ಕ ಕಡೆ ನಿಂತಿರುತ್ತದೆ. ಕಂಡಕ್ಟರ್ "ಪಾವ್ಗಡ, ಪಾವ್ಗಡ" ಎಂದು ಕೂಗಿದ ಮೇಲೇ ಜನ ಏಳುವುದು. ರೈಲ್ವೆ ಸ್ಟೇಷನ್ನಿನ ಆ ಮೈಕಿನ ಹೆಂಗಸಿನದು ಬೇರೆಯೇ ಜಾತಿಯ ಗಂಟಲು. ರೈಲು ಬಂತು ಅನ್ನುವಾಗಲೂ, ಎರಡು ಗಂಟೆ ತಡ ಅನ್ನುವಾಗಲೂ ಅವಳಿಗೆ ಅದೇ ಸಮಾಧಾನ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅಷ್ಟು ಸಮಾಧಾನವಾಗಿ ಹೇಳುವ ಒಬ್ಬರಾದರೂ ನಮ್ಮ ಮನೆಯಲ್ಲಿದ್ದಿದ್ದರೆ ನಾನು ಇನ್ನೂ ಚೆನ್ನಾಗಿ ಅಡುಗೆ ಮಾಡುತ್ತಿದ್ದೆ. ಅವಳು ಕನ್ನಡದಲ್ಲಿ ಹೇಳಿದ್ದು ನಿಜವೋ ಎಂದು ನಾವು ಹಿಂದಿಗೆ ಕಾಯುತ್ತೇವೆ. ಹಿಂದಿ ಬರುವ ಹೊತ್ತಿಗೆ ಒಂದು ಗೂಡ್ಸ್ ಗಾಡಿ ಬಂದು ಅದನ್ನೂ, ಅದರ ಹಿಂದಿನ ಇಂಗ್ಲಿಷನ್ನೂ ನುಂಗಿಕೊಂಡು ಹೋಗುತ್ತದೆ.

ಇಂಥ ಕಡೆ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಂಡವಳು ನಾನೇ. ತೋವಿನಕೆರೆಯ ನಮ್ಮಕ್ಕನ ಮಗಳು ಭವ್ಯ ಮಧುಗಿರಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಬಂದ ಗಂಡುಗಳನ್ನೂ ಅಷ್ಟೇ ಖಡಕ್ಕಾಗಿ ಪರೀಕ್ಷೆ ಮಾಡಿ ಕಳಿಸಿದ್ದಳು. ಅವಳು ಏನು ಕೇಳಿದರೂ "ನಮ್ಮಪ್ಪನ್ನ ಕೇಳ್ಬೇಕು" ಎನ್ನುವವರೇ ಎಲ್ಲರೂ. ಕೊನೆಗೊಂದು ದಿನ ನನ್ನೆದುರು ಕೂತು, "ಇದೇ ಕೊನೆ ಚಿಕ್ಕಮ್ಮ. ತಟ್ಟೆ ಹಿಡ್ಕಂಡು ನಡುಮನೆಗೆ ಬರಕಿಲ್ಲ. ಈ ಸಲನೂ ಆಗ್ಲಿಲ್ಲ ಅಂದ್ರೆ ಇನ್ನು ಯಾರೂ ನನ್ನ ಮದ್ವೆ ಮಾತು ಎತ್ತಂಗಿಲ್ಲ" ಎಂದಳು. ಅವಳು ಅಂದರೆ ಅಂದಂತೆಯೇ. ಅಕ್ಕನಿಗೆ ಊಟ ಸೇರದಂತಾಯಿತು. ಅಕ್ಕನ ಮುಖ ನೋಡಲಾರದೆ ನಾನು ತಲೆ ಓಡಿಸಿದೆ.

ಪಾವಗಡದ ಹುಡುಗ ಮಂಜುನಾಥ ಶಿರಾದ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಅಪ್ಪ ಅಮ್ಮನ ಜೊತೆ ಹುಬ್ಬಳ್ಳಿಯ ತನ್ನಕ್ಕನ ಮನೆಗೆ ರೈಲಿನಲ್ಲಿ ಹೊರಟಿದ್ದ. ನಾವೂ ಸ್ಟೇಷನ್ನಿಗೆ ಹೋದರೆ ಆಕಸ್ಮಿಕವಾಗಿ ಸಿಕ್ಕ ಹಾಗಾಗುತ್ತದೆ. ಒಪ್ಪಿಗೆಯಾಗದಿದ್ದರೆ ಯಾರಿಗೂ ಮುಖಭಂಗವಿಲ್ಲ, ಉಪ್ಪಿಟ್ಟು ಕೆದಕುವ ಕೆಲಸವೂ ಇಲ್ಲ. ನಮ್ಮಲ್ಲಿ ಇಂಥ ಆಕಸ್ಮಿಕಗಳನ್ನು ದೇವಸ್ಥಾನದಲ್ಲಿ ಏರ್ಪಡಿಸುವುದು ರೂಢಿ. ನಾನು ಅದನ್ನು ಸ್ಟೇಷನ್ನಿಗೆ ಸಾಗಿಸಿದೆ. ಯಾವ ಸ್ಟೇಷನ್ ಎಂದು ಹೇಳುವುದಿಲ್ಲ, ನಾಳೆ ನಾನು ಅಲ್ಲೇ ರೈಲು ಹತ್ತಬೇಕು. ಒಂದನೇ ಪ್ಲಾಟ್‌ಫಾರ್ಮ್, ಗಡಿಯಾರದ ಕೆಳಗೆ ಎಂದು ಎರಡೂ ಕಡೆಯವರಿಗೆ ಒತ್ತಿ ಒತ್ತಿ ಹೇಳಿದೆ.

ನಾವು ಗಡಿಯಾರ ಹುಡುಕುತ್ತಿರುವಾಗಲೇ ಮೈಕಿನ ಹೆಂಗಸು ಹುಬ್ಬಳ್ಳಿ ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದಳು. ಭವ್ಯಳ ಅಪ್ಪ, ಅಂದರೆ ನಮ್ಮ ಭಾವ, ಬೆಂಚು ಬಿಟ್ಟು ಏಳಲಿಲ್ಲ. "ಸುಮ್ಕಿರು ಸರಳಮ್ಮ. ನಮ್ ಬಸ್‌ಸ್ಟ್ಯಾಂಡಲ್ಲಿ ಶಿರಾ ಅಂತ ಬರ್ದಿರೋ ಕಡೆ ಶಿರಾ ಬಸ್ಸು ನಿಂತಿದ್ದ ಯಾವತ್ತಾರ ನೋಡಿದೀಯ? ಗಾಡಿ ಇಲ್ಗೇ ಬತ್ತದೆ ಬುಡು" ಎಂದರು. ಅಷ್ಟರಲ್ಲಿ ಹುಡುಗನ ಅಪ್ಪನ ಫೋನು ಬಂತು. "ನಾವು ಎರಡಕ್ಕೆ ಬಂದ್ಬುಟ್ವಿ ಮೇಡಂ. ಆಯಮ್ಮ ಚೆಪ್ಪಿಂದಿ ಕದಾ." ಆಯಮ್ಮ ಹೇಳಿದಳಲ್ಲ ಎಂದು ಅವರು ಆಗಲೇ ಮೂಟೆ ಸಮೇತ ಹಳಿಯಾಚೆ ನಿಂತಿದ್ದರು. ಎದುರಿಗೇ ಕಾಣುತ್ತಿದ್ದರೂ ಕೈ ಬೀಸುವಂತಿಲ್ಲ, ಆಕಸ್ಮಿಕವಲ್ಲವೇ? ಅಕ್ಕ ಕತ್ತು ಉದ್ದ ಮಾಡಿ ಹುಡುಗನನ್ನು ನೋಡಿದಳು, ಆಚೆಯಿಂದ ಹುಡುಗನ ಅಮ್ಮ ಕತ್ತು ಉದ್ದ ಮಾಡಿ ಭವ್ಯಳನ್ನು ನೋಡಿದರು. ನಾನೂ ಹುಡುಗನ ಅಪ್ಪನೂ ಒಬ್ಬರನ್ನೊಬ್ಬರು ನೋಡಿಕೊಂಡೇ ಫೋನಿನಲ್ಲಿ ಮಾತಾಡಿದೆವು.

ಭಾವನನ್ನು ಒಪ್ಪಿಸಿ ಮೇಲ್ಸೇತುವೆಯ ಮೆಟ್ಟಿಲು ಹತ್ತಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಡುಸೇತುವೆಗೆ ಬರುವುದಕ್ಕೂ ಮೈಕು ಅದೇ ಗಾಡಿಯನ್ನು ಒಂದಕ್ಕೆ ಕರೆಯುವುದಕ್ಕೂ ಸರಿಯಾಯಿತು. ಆ ಕಡೆಯಿಂದ ಪಾವಗಡದವರು ಮೂಟೆ ಹೊತ್ತು ಏದುಸಿರು ಬಿಡುತ್ತ ಬಂದರು. "ಅಯ್ಯೋ, ನೀವೇನು ಇಲ್ಲಿ?" ಎಂದು ಆಶ್ಚರ್ಯಪಡುವ ಮಾತನ್ನು ಅಕ್ಕನಿಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಲಿಸಿದ್ದೆ. ಅವಳು ಹುಡುಗನ ಅಮ್ಮನನ್ನು ಕಂಡವಳೇ, "ಯಾವ ಕಡೀಕೆ?" ಎಂದಳು. "ಅದೇ ಗೊತ್ತಾಯ್ತಿಲ್ಲ ಕಣಮ್ಮ" ಎಂದರು ಆಕೆ. ಆಕಸ್ಮಿಕ ಎಂದು ತೋರಿಸಬೇಕಿದ್ದ ಭೇಟಿ ನಿಜವಾಗಿಯೂ ಆಕಸ್ಮಿಕವೇ ಆಗಿಹೋಯಿತು.

ಆಗ ಮಂಜುನಾಥ ಮೊದಲ ಸಲ ಬಾಯಿಬಿಟ್ಟ. "ಅಪ್ಪಾ, ಮೂಟೆ ಇಳ್ಸಿ. ಇಲ್ಲೇ ನಿಂತಿರಾನ. ಗಾಡಿ ಕಣ್ಣಿಗೆ ಬೀಳ್ಲಿ, ಯಾವ ಕಡೆ ಬತ್ತದೋ ಆ ಕಡೆ ಇಳಿಯಾನ" ಎಂದ. ಅಪ್ಪ ಕೇಳಲಿಲ್ಲ, ಅಷ್ಟರಲ್ಲಿ ಆಯಮ್ಮ ಮತ್ತೇನೋ ಶುರುಮಾಡಿದ್ದಳು. ಹುಡುಗ ಅಪ್ಪನ ಹೆಗಲಿನಿಂದ ಮೂಟೆ ತೆಗೆದು ಕಂಬಿಗೆ ಒರಗಿಸಿ ನಿಂತೇಬಿಟ್ಟ. ಭವ್ಯ ಅವನನ್ನೊಮ್ಮೆ ನೋಡಿ, ತನ್ನ ಚೀಲವನ್ನೂ ಅದರ ಪಕ್ಕಕ್ಕಿಟ್ಟು, "ಇವ್ರು ಹೇಳಾದೇ ಸರಿ" ಎಂದಳು. ನಾನು ನಿಲ್ಲುವ ಹಾಗಿರಲಿಲ್ಲ. ರೈಲ್ವೆ ಪಂಡಿತೆ ಯಾವ ಕಡೆ ಎನ್ನುತ್ತಾಳೋ ಎಂದು ಹಿರಿಯರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎರಡು ಎಂದು ಹೇಳಿ ಇಳಿದೆ, ಎಲ್ಲರೂ ಹಿಂದೆ ಬಂದರು. ಮೈಕು ಒಂದು ಎಂದಿತು, ಹತ್ತಿದೆವು. ನಾವು ಪಕ್ಕದಲ್ಲೇ ದಡದಡ ಹಾದುಹೋದರೂ ಆ ಇಬ್ಬರೂ ನಿಂತಲ್ಲಿಂದ ಕದಲಲಿಲ್ಲ, ಏನೋ ಮಾತಾಡುತ್ತಿದ್ದರು. ಇನ್ನೊಂದು ಸಲ ಹತ್ತಿ ಬರುವಾಗ ನೋಡಿದರೆ ಭವ್ಯ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು.

ಗಾಡಿ ಬಂದದ್ದು ಒಂದನೇ ಪ್ಲಾಟ್‌ಫಾರ್ಮಿಗೆ. ಹುಡುಗ ಮೂಟೆ ಎತ್ತಿಕೊಂಡು ಒಂದೇ ಸಲ ಮೆಟ್ಟಿಲಿಳಿದು, ಒಂದು ಹನಿ ಬೆವರಿಲ್ಲದೆ ಬೋಗಿ ಹತ್ತಿದ. ಗಾಡಿ ಹೊರಟಾಗ ಭವ್ಯ ಕೈ ಬೀಸಿದಳು. ಗಾಡಿ ಕಣ್ಮರೆಯಾದ ಮೇಲೂ ಕೈ ಕೆಳಗಿಳಿಸಲಿಲ್ಲ. "ಆಯ್ತು ಅಂತ ಹೇಳ್ಬುಡಿ" ಎಂದಳು, ಯಾರ ಮುಖವನ್ನೂ ನೋಡದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. 

ಭಾವ ನನ್ನ ಕಡೆ ತಿರುಗಿ, "ಭಲೇ ಸರಳಮ್ಮ, ಹೆಂಗೆ ಕೂಡಿಸ್ಬುಟ್ಟೆ" ಎಂದರು. ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದು ಎಂದು ಗಂಭೀರವಾಗಿ ತಲೆದೂಗಿದೆ. ಭವ್ಯ ನನ್ನ ತೋಳು ಹಿಡಿದುಕೊಂಡಳು. "ಊಂ ಚಿಕ್ಕಮ್ಮ, ನಿನ್ನಿಂದ್ಲೇ ಆಗಿದ್ದು. ಅವ್ರಿಗೆ ಏನು ಮಾತಾಡ್ಬೇಕು ಅಂತ್ಲೇ ಗೊತ್ತಿರ್ಲಿಲ್ಲ. ನೀನು ಎಲ್ರಿಗಿಂತ ಮುಂದೆ ಹತ್ತಾದು ಇಳಿಯಾದು ನೋಡಿ, 'ಪಾಪ, ನಿಮ್ಮ ಚಿಕ್ಕಮ್ಮ ಯಾವೂರಿಗೆ ಹೊಂಟವ್ರೆ?' ಅಂದ್ರು. ಯಾವೂರಿಗೂ ಇಲ್ಲ, ಬಸ್ಸಲ್ಲಿ ಬಂದವ್ರೆ, ಬಸ್ಸಲ್ಲೇ ಹೋಯ್ತಾರೆ ಅಂದೆ. ಅಲ್ಲಿಂದ ಶುರುವಾದ ನಗು ನಿಲ್ಲಲೇ ಇಲ್ಲ."

ಇದಕ್ಕೆ ಘನವಾದ ಉತ್ತರವೊಂದನ್ನು ಕೊಡಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೈಕಿನ ಹೆಂಗಸು ಯಾವುದೋ ಊರಿನ ಯಾವುದೋ ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಎಂದಳು. ಅಕ್ಕ ಹಿಂದಿನಿಂದ ಸೆರಗು ಹಿಡಿದು ಎಳೆದಾಗಲೇ ನನಗೆ ಗೊತ್ತಾದದ್ದು, ನಾನು ಮೂರು ಮೆಟ್ಟಿಲು ಹತ್ತಿಬಿಟ್ಟಿದ್ದೆ.